ಕಲ್ಲಿನ ಕೋಟೆಯ ನೀರಿನ ದಾರಿ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಎಂಜಿನಿಯರರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಬರುವ ಭಾನುವಾರ ನಮ್ಮ ಬಳಗದ ಯುವಕ ಯುವತಿಯರು ಚಿತ್ರದುರ್ಗದ ಕೋಟೆ ನೋಡಲು ಹೊರಟಿದ್ದಾರೆ. ಹೊರಡುವ ಮೊದಲು ಅವರಿಗೆ ಕೋಟೆಯ ವಿಚಾರವಾಗಿ ಒಂದಿಷ್ಟು ಹೇಳಿ ಎಂದು ಪೂಜ್ಯರು ಅಪ್ಪಣೆ ಮಾಡಿದರು. ನಾನು ಇತಿಹಾಸ ಓದಿದವನಲ್ಲ. ಎಂಜಿನಿಯರಿಂಗ್ ಓದಿ, ಸರ್ಕಾರಿ ಕೆಲಸ ಮಾಡಿ, ರಸ್ತೆ, ಮೋರಿ, ಕೆರೆ ಏರಿ ಎಂದು ಓಡಾಡಿ ನಿವೃತ್ತನಾದವನು. ಆದ್ದರಿಂದ ನನಗೆ ಗೊತ್ತಿರುವ ಕಡೆಯಿಂದಲೇ, ಅಂದರೆ ಕಲ್ಲು ಮತ್ತು ನೀರಿನ ಕಡೆಯಿಂದ, ಈ ಕೋಟೆಯನ್ನು ನಿಮಗೆ ತೋರಿಸುತ್ತೇನೆ. ಹೇಳುತ್ತಾ ನನ್ನದೇ ಒಂದು ತಪ್ಪನ್ನೂ ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಅದಕ್ಕೆ ಈ ಅನುಭಾವದ ಮನೆಗಿಂತ ತಕ್ಕ ಜಾಗ ನನಗೆ ಬೇರೆ ಸಿಗಲಾರದು.

ಮೊದಲು ಇತಿಹಾಸವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ.

ದುರ್ಗದ ಬೆಟ್ಟಗಳ ಸುತ್ತ ಮನುಷ್ಯರು ವಾಸಿಸಲು ಶುರುಮಾಡಿ ಸಾವಿರಾರು ವರ್ಷಗಳಾಗಿವೆ. ಕೋಟೆಯ ಪಕ್ಕದ ಚಂದ್ರವಳ್ಳಿಯಲ್ಲಿ ಡಾ. ಎಂ.ಎಚ್. ಕೃಷ್ಣ ಅವರು 1929ರಲ್ಲಿ ಉತ್ಖನನ ಮಾಡಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಮತ್ತೆ ಅಗೆಸಿದರು. ಅದೇ ಚಂದ್ರವಳ್ಳಿಯ ಬಂಡೆಯೊಂದರ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಅದು ನಾಲ್ಕನೆಯ ಶತಮಾನದ್ದು. ಕನ್ನಡ ನಾಡಿನ ಮೊದಲ ಅರಸುಮನೆಯ ಮೂಲಪುರುಷ ಆ ಬಂಡೆಯ ಮೇಲೆ ಬರೆಸಿದ್ದು ಏನು ಗೊತ್ತೆ? ತಾನು ಮಾಡಿಸಿದ ಕೆರೆಯ ವಿಚಾರ. ದುರ್ಗದ ಮಾತನ್ನು ನಾನು ನೀರಿನಿಂದ ಶುರುಮಾಡುವುದಕ್ಕೆ ಇದೊಂದೇ ಆಧಾರ ಸಾಕು.

ಹಳೆಯ ಶಾಸನಗಳಲ್ಲಿ ಈ ಊರಿನ ಹೆಸರು ಬೆಮ್ಮತ್ತನಕಲ್ಲು. ಚಾಲುಕ್ಯರು, ಹೊಯ್ಸಳರು, ವಿಜಯನಗರದವರು, ಎಲ್ಲರ ಕಾಲದಲ್ಲೂ ಈ ಬೆಟ್ಟಕ್ಕೆ ಬೆಲೆಯಿತ್ತು. 1568ರ ಸುಮಾರಿಗೆ ವಿಜಯನಗರದ ಅರಸರಿಂದ ಅಧಿಕಾರ ಪಡೆದ ತಿಮ್ಮಣ್ಣ ನಾಯಕನಿಂದ ಪಾಳೆಯಗಾರರ ಆಳ್ವಿಕೆ ಮೊದಲಾಯಿತು. ಬೇಡ ಕುಲದ ಈ ನಾಯಕರು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ದುರ್ಗವನ್ನು ಆಳಿದರು. ಕೋಟೆಯನ್ನು ಸುತ್ತಿನ ಮೇಲೆ ಸುತ್ತು ಬೆಳೆಸಿದವರು ಅವರೇ. ನೆಲದ ಮೇಲೆ ಮೂರು, ಬೆಟ್ಟದ ಮೇಲೆ ನಾಲ್ಕು, ಹೀಗೆ ಏಳು ಸುತ್ತಿನ ಕೋಟೆ. 1779ರಲ್ಲಿ ಕೊನೆಯ ಮದಕರಿ ನಾಯಕನ ಕಾಲಕ್ಕೆ ಹೈದರಾಲಿ ದುರ್ಗವನ್ನು ಗೆದ್ದ. ಮದಕರಿಯನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷರ ತುಕಡಿಯೊಂದು ಕೆಲವು ಕಾಲ ಇಲ್ಲಿತ್ತು. ಇದಿಷ್ಟು ಚೌಕಟ್ಟು. ಇದರೊಳಗಿನ ಕಥೆ ಬೇಕಾದವರು ಹುಲ್ಲೂರು ಶ್ರೀನಿವಾಸ ಜೋಯಿಸರ ಬರಹಗಳನ್ನು ನೋಡಬೇಕು, ತ.ರಾ.ಸು. ಅವರ ಕಾದಂಬರಿಗಳನ್ನು ಓದಬೇಕು. ಅವರ 'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ನಾಯಕರ ಪೈಕಿ ಒಬ್ಬರ ಹೆಸರನ್ನು ಈ ವೇದಿಕೆಯಲ್ಲಿ ಬೇರೆಯಾಗಿ ಹೇಳಬೇಕು. ಬಿಚ್ಚುಗತ್ತಿ ಭರಮಣ್ಣ ನಾಯಕ, 1689ರಿಂದ 1721ರವರೆಗೆ ಆಳಿದವನು. ಕೋಟೆಯೊಳಗಿನ ಮುರುಘಾಮಠ ಅವನ ಭಕ್ತಿಯ ಗುರುತು. ಅರಸ ಹುಟ್ಟಿದ್ದು ಬೇಡರ ಮನೆಯಲ್ಲಿ, ಅವನು ಗುರುವೆಂದು ತಲೆಬಾಗಿದ್ದು ಶರಣ ಪರಂಪರೆಯ ವಿರಕ್ತರಿಗೆ. ಕುಲ ಕೇಳದೆ ಗುರು ಶಿಷ್ಯನನ್ನು ಒಪ್ಪಿದರು, ಶಿಷ್ಯ ಗುರುವನ್ನು ಒಪ್ಪಿದ. ಬೆಟ್ಟದ ಮೇಲೆ ಆ ಮಠದ ಕಟ್ಟಡದ ಮುಂದೆ ನಿಂತಾಗ ಇದನ್ನು ನೆನೆಯಿರಿ. ಅದೇ ನಾಯಕ ಕೆರೆ ಕಟ್ಟೆಗಳಿಗೂ ಹೆಸರಾದವನು. ದುರ್ಗದಿಂದ ದಾವಣಗೆರೆಗೆ ಹೋಗುವಾಗ ಹೆದ್ದಾರಿಯಲ್ಲಿ ಸಿಗುವ ಭರಮಸಾಗರ ಅವನ ಹೆಸರನ್ನೇ ಹೊತ್ತಿದೆ.

ಈಗ ಕೋಟೆ ಹತ್ತೋಣ.

ಬೆಂಗಳೂರಿನಿಂದ ದುರ್ಗಕ್ಕೆ ಸುಮಾರು ಇನ್ನೂರು ಕಿಲೋಮೀಟರ್. ಬೆಳಿಗ್ಗೆ ಬೇಗ ಹೋಗಿ. ಹತ್ತು ಗಂಟೆಯ ಮೇಲೆ ಬಂಡೆ ಕಾಯತೊಡಗುತ್ತದೆ, ಮಧ್ಯಾಹ್ನಕ್ಕೆ ಕಾಲಿಡಲು ಆಗುವುದಿಲ್ಲ. ಹಿಡಿತವಿರುವ ಬೂಟು ಹಾಕಿಕೊಳ್ಳಿ. ವಯಸ್ಸಾದವರಿಗೆ ಒಂದು ಕೋಲು ಇರಲಿ. ಇದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ, ಬಾಗಿಲಲ್ಲಿ ಟಿಕೆಟ್ ತೆಗೆದುಕೊಳ್ಳಬೇಕು. ಅಲ್ಲಿಯೇ ಗೈಡುಗಳು ಸಿಗುತ್ತಾರೆ. ಒಬ್ಬರನ್ನು ಕರೆದುಕೊಳ್ಳಿ, ದುಡ್ಡು ಉಳಿಸಲು ಹೋಗಬೇಡಿ. ಅವರ ಮಾತಿನಲ್ಲಿ ಸ್ವಲ್ಪ ಒಗ್ಗರಣೆ ಇರುತ್ತದೆ ನಿಜ, ಆದರೆ ಕಲ್ಲು ಕಲ್ಲಿನ ಪರಿಚಯವೂ ಇರುತ್ತದೆ. ಊರೊಳಗೆ ರಂಗಯ್ಯನ ಬಾಗಿಲಲ್ಲಿರುವ ವಸ್ತುಸಂಗ್ರಹಾಲಯವನ್ನೂ ನೋಡಿ ಬನ್ನಿ.

ಒಳಗೆ ಹೋಗುತ್ತಿದ್ದಂತೆ ದಾರಿ ನೇರವಾಗಿಲ್ಲ ಎಂಬುದನ್ನು ಗಮನಿಸಿ. ಬಾಗಿಲು ದಾಟಿದ ಕೂಡಲೇ ಎದುರಿಗೆ ಗೋಡೆ. ತಿರುಗಬೇಕು, ಮತ್ತೆ ಬಾಗಿಲು, ಮತ್ತೆ ತಿರುವು. ಆನೆಯಾಗಲಿ, ದಿಮ್ಮಿ ಹೊತ್ತ ಸೈನಿಕರಾಗಲಿ ಓಡಿ ಬಂದು ಬಾಗಿಲಿಗೆ ಗುದ್ದಲು ಜಾಗವೇ ಸಿಗಬಾರದು ಎಂಬ ಲೆಕ್ಕ ಅದು. ಗೋಡೆಯ ಕಲ್ಲುಗಳನ್ನು ನೋಡಿ. ಎಷ್ಟೋ ಕಡೆ ಗಾರೆಯೇ ಇಲ್ಲ. ಒಂದು ಕಲ್ಲಿನ ಮೂಲೆಗೆ ಸರಿಯಾಗಿ ಇನ್ನೊಂದನ್ನು ಕಡೆದು ಕೂರಿಸಿದ್ದಾರೆ. ಪಕ್ಕದ ಬಂಡೆಗಳ ಮೇಲೆ ಸಾಲಾಗಿ ಚೌಕ ಕುಳಿಗಳು ಕಾಣುತ್ತವೆ. ಕುಳಿ ಹೊಡೆದು, ಬೆಣೆ ಇಟ್ಟು, ಒಂದೊಂದಕ್ಕೂ ಸಮನಾಗಿ ಪೆಟ್ಟು ಕೊಡುತ್ತಾ ಹೋದರೆ ಬಂಡೆ ಗೆರೆ ಎಳೆದಂತೆ ಸೀಳುತ್ತದೆ. ಕೆಲವು ಕಡೆ ಕುಳಿ ಹೊಡೆದಿದ್ದಾರೆ, ಕಲ್ಲು ಸೀಳಿಲ್ಲ. ಆ ದಿನ ಕೆಲಸ ಯಾಕೆ ನಿಂತಿತೋ ಏನೋ. ಅಂಥ ಕುಳಿಯಲ್ಲಿ ಬೆರಳಿಟ್ಟು ನೋಡಿ. ಅರಸರ ಹೆಸರು ಶಾಸನದಲ್ಲಿದೆ, ಆ ಕಲ್ಲುಕುಟಿಗನ ಸಹಿ ಈ ಕುಳಿಯಲ್ಲಿದೆ.

ಮುಂದೆ ಮದ್ದು ಬೀಸುತ್ತಿದ್ದ ದೊಡ್ಡ ಬೀಸುಕಲ್ಲುಗಳು ಸಿಗುತ್ತವೆ. ಎಣ್ಣೆಕೊಳ, ಗರಡಿಮನೆ, ಟಂಕಸಾಲೆ ಎಂದು ಗೈಡು ತೋರಿಸುತ್ತಾರೆ. ಮಣ್ಣಿನ ಗೋಡೆಗಳು ಇನ್ನೂ ನಿಂತಿವೆ. ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿ, ಗೋಪಾಲಸ್ವಾಮಿ ಗುಡಿಗಳಿವೆ. ಎಲ್ಲರೂ ಇಲ್ಲಿ ಫೋಟೋ ತೆಗೆಸಿಕೊಂಡು, ಓಬವ್ವನ ಕಿಂಡಿ ನೋಡಿ ಇಳಿದುಬಿಡುತ್ತಾರೆ. ನಾನೂ ಹಾಗೆಯೇ ಇಳಿಯುತ್ತಿದ್ದೆ. ಕೆಲಸದಲ್ಲಿದ್ದಾಗ ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗಿ ತೋರಿಸಿದ್ದೇನೆ. ಹತ್ತಾರು ಸಲ ಹತ್ತಿದ್ದರೂ ಕೋಟೆಯ ಮುಖ್ಯ ಕೆಲಸ ಯಾವುದೆಂದು ನನಗೆ ಕಂಡಿರಲಿಲ್ಲ.

ಕಂಡದ್ದು ನಿವೃತ್ತನಾದ ಮೇಲೆ, ಒಂದು ಆಗಸ್ಟ್ ತಿಂಗಳಲ್ಲಿ. ಮೊಮ್ಮಗಳನ್ನು ಕರೆದುಕೊಂಡು ಹತ್ತಿದ್ದೆ. ಮೇಲೆ ತಲುಪುವ ಹೊತ್ತಿಗೆ ಮಳೆ ಹಿಡಿಯಿತು. ಒಂದು ಮಂಟಪದಲ್ಲಿ ನಿಂತೆವು. ಹತ್ತು ನಿಮಿಷ ಆಗಿರಬಹುದು, ಮೊಮ್ಮಗಳು, "ತಾತ, ಬೆಟ್ಟ ಪೂರ್ತಿ ಹರೀತಾ ಇದೆ ನೋಡು" ಎಂದಳು. ನೋಡಿದೆ. ಬಂಡೆಯ ಮಡಿಕೆ ಮಡಿಕೆಯಲ್ಲೂ ನೀರು ಸೇರಿ ಒಂದು ಕಡೆಗೆ ಇಳಿಯುತ್ತಿತ್ತು. ಎರಡು ಬಂಡೆಗಳ ನಡುವಿನ ಕಿರಿದಾದ ಜಾಗಕ್ಕೆ ಗಿಡ್ಡನೆಯ ಕಟ್ಟೆ ಹಾಕಿ ಹೊಂಡ ಮಾಡಿದ್ದಾರೆ. ಎರಡು ಮಗ್ಗುಲಿಗೂ ಗೋಡೆಯನ್ನು ಪ್ರಕೃತಿಯೇ ಕಟ್ಟಿದೆ, ಮನುಷ್ಯ ಕಟ್ಟಿದ್ದು ಬಾಯಿ ಮುಚ್ಚುವಷ್ಟು ಮಾತ್ರ. ಕಡಿಮೆ ಕಲ್ಲಿನಲ್ಲಿ ಹೆಚ್ಚು ನೀರು. ಅಣೆಕಟ್ಟಿಗೆ ಜಾಗ ಹುಡುಕುವ ಪಾಠವನ್ನು ನಾವು ಕಾಲೇಜಿನಲ್ಲಿ ಓದಿದ್ದೂ ಇದನ್ನೇ.

ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹೆಚ್ಚಾದ ನೀರು ಕೆಳಗಿನ ಅಕ್ಕತಂಗಿಯರ ಹೊಂಡಕ್ಕೆ. ಅಲ್ಲಿಂದ ಇನ್ನೂ ಕೆಳಗೆ ಇಳಿಯುತ್ತಾ ಸಿಹಿನೀರು ಹೊಂಡ, ಊರೊಳಗಿನ ಸಂತೆಹೊಂಡದವರೆಗೆ. ಒಂದರ ಕೋಡಿ ಇನ್ನೊಂದರ ಒಳಹರಿವು. ಮೇಲಿನ ಹೊಂಡದಲ್ಲಿ ಮಣ್ಣು ಕಸ ತಳಕ್ಕೆ ಕೂರುತ್ತದೆ, ತಿಳಿನೀರು ಮಾತ್ರ ಕೆಳಕ್ಕೆ ಹೋಗುತ್ತದೆ. ಪಂಪು ಇಲ್ಲ, ಕರೆಂಟು ಇಲ್ಲ, ಇಳಿಜಾರೇ ಎಲ್ಲ ಕೆಲಸ ಮಾಡುತ್ತದೆ.

ಲೆಕ್ಕ ಹಾಕದೆ ಎಂಜಿನಿಯರಿಗೆ ನಿದ್ದೆ ಬರುವುದಿಲ್ಲ. ದುರ್ಗ ಮಳೆ ಕಡಿಮೆ ಬೀಳುವ ಸೀಮೆ. ವರ್ಷಕ್ಕೆ 600 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಒಂದು ಹೆಕ್ಟೇರ್ ಅಂದರೆ ಎರಡೂವರೆ ಎಕರೆ ಬರೀ ಬಂಡೆ. ಅದರ ಮೇಲೆ ವರ್ಷದಲ್ಲಿ ಬೀಳುವ ನೀರು 60 ಲಕ್ಷ ಲೀಟರ್. ಬಂಡೆ ನೀರು ಕುಡಿಯುವುದಿಲ್ಲ. ನೂರಕ್ಕೆ 80 ಭಾಗ ಹರಿದು ಬಂದರೆ 48 ಲಕ್ಷ ಲೀಟರ್. ಅದರಲ್ಲಿ ಅರ್ಧ ಬಿಸಿಲಿಗೆ ಆವಿಯಾಗಿ ಹೋಗಲಿ, 24 ಲಕ್ಷ ಉಳಿಯುತ್ತದೆ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 20 ಲೀಟರಿನಂತೆ ಹಿಡಿದರೆ ಮುನ್ನೂರಕ್ಕೂ ಹೆಚ್ಚು ಜನರಿಗೆ ಒಂದು ವರ್ಷ ಸಾಕು. ಇದು ಎರಡೂವರೆ ಎಕರೆ ಬಂಡೆಯ ಕಥೆ ಅಷ್ಟೆ. ಅಂಥ ಬಂಡೆ ಅಲ್ಲಿ ಎಷ್ಟು ಹರಡಿದೆ ಎಂದು ನೀವೇ ಭಾನುವಾರ ನೋಡುತ್ತೀರಿ. ಜನ ಬೇಡ ಎನ್ನುವ ಬರಡು ಬಂಡೆಯನ್ನೇ ಅವರು ನೀರು ಹಿಡಿಯುವ ತಟ್ಟೆ ಮಾಡಿಕೊಂಡರು.

ಮುತ್ತಿಗೆ ಹಾಕುವವನ ಮೊದಲ ಆಯುಧ ಬಾಯಾರಿಕೆ. ಹೊರಗಿನ ಬಾವಿ ಹಿಡಿದುಕೊಂಡು ಕೂತರೆ ಸಾಕು, ಒಳಗಿನವರು ಒಂದು ದಿನ ಬಾಗಿಲು ತೆರೆಯಲೇಬೇಕು. ದುರ್ಗಕ್ಕೆ ಆ ಆಯುಧ ನಾಟಲಿಲ್ಲ. ಹೈದರನ ದಂಡು ಬಂದು ಸುತ್ತಿದಾಗಲೂ ಕೋಟೆ ನೀರಿಲ್ಲದೆ ಸೋಲಲಿಲ್ಲ. ಒಳಗಿನವರಲ್ಲಿ ಕೆಲವರು ಶತ್ರುವಿನ ಕಡೆಗೆ ವಾಲಿದ್ದರಿಂದ ಬಿತ್ತು ಎಂದು ಇತಿಹಾಸಕಾರರು ಬರೆಯುತ್ತಾರೆ.

ಓಬವ್ವನ ಕಥೆ ನಿಮಗೆಲ್ಲ ಗೊತ್ತು. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರನ್ನು ಆ ಪಾತ್ರದಲ್ಲಿ ನೋಡಿದ ನಮ್ಮ ಪೀಳಿಗೆ ಅದನ್ನು ಮರೆಯುವುದಿಲ್ಲ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ. ಕಿಂಡಿಯಲ್ಲಿ ಶತ್ರುಗಳು ನುಸುಳುವುದನ್ನು ಕಂಡ ಓಬವ್ವ ಒನಕೆ ಹಿಡಿದು ನಿಂತಳು, ಒಬ್ಬೊಬ್ಬರನ್ನೇ ಬಡಿದಳು. ಆದರೆ ಅವಳು ಆ ಹೊತ್ತಿಗೆ ಅಲ್ಲಿಗೆ ಹೋದದ್ದು ಯಾಕೆ? ಗಂಡನಿಗೆ ಕುಡಿಯಲು ನೀರು ತರಲು. ಕೊಡ ಹಿಡಿದು ಹೋದ ಹೆಂಗಸು ಕೋಟೆ ಕಾಯ್ದಳು. ಅವಳು ಛಲವಾದಿ ಸಮುದಾಯದವಳು. ಈಗ ಪ್ರತಿ ವರ್ಷ ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿ ಆಚರಿಸುತ್ತದೆ. ಭಾಷಣ ಮಾಡುತ್ತೇವೆ, ಹಾರ ಹಾಕುತ್ತೇವೆ. ಸಂತೋಷ. ಆದರೆ ಓಬವ್ವನಂಥವರು, ಅವಳ ಗಂಡನಂಥವರು ನಮ್ಮ ಮುಂದೆ ಬಂದು ನಿಂತು ಒಂದು ಮಾತು ಹೇಳಿದರೆ ನಾವು ಕೇಳಿಸಿಕೊಳ್ಳುತ್ತೇವೆಯೇ? ಇಲ್ಲಿಗೆ ನನ್ನ ತಪ್ಪಿನ ವಿಚಾರ ಬರುತ್ತದೆ.

1986ರ ಬೇಸಿಗೆ. ನಾನು ಕಿರಿಯ ಎಂಜಿನಿಯರ್. ಒಂದು ಹಳ್ಳಿಗೆ ಹೊಸ ರಸ್ತೆ. ರಸ್ತೆ ಹೋಗುತ್ತಿದ್ದದ್ದು ಊರ ಕೆರೆಯ ಮೇಲ್ಭಾಗದ ಇಳಿಜಾರಿನಲ್ಲಿ. ಮೊದಲ ಎಸ್ಟಿಮೇಟಿನಲ್ಲಿ ಮೂರು ಮೋರಿಗಳಿದ್ದವು. ಹಣ ಸಾಲದು, ಎಲ್ಲಾದರೂ ಇಳಿಸಿ ಎಂದರು ಮೇಲಿನವರು. ನಾನು ಜಾಗಕ್ಕೆ ಹೋಗಿ ನೋಡಿದೆ. ಏಪ್ರಿಲ್ ತಿಂಗಳು, ಎಲ್ಲ ಒಣಗಿತ್ತು. ಎರಡು ಕಡೆ ನೀರು ಹರಿಯುವ ಗುರುತೇ ಇಲ್ಲ ಎಂದು ಬರೆದು, ಎರಡು ಮೋರಿಗಳನ್ನು ಹೊಡೆದುಹಾಕಿ ಒಂದನ್ನು ಉಳಿಸಿದೆ.

ಆ ದಿನ ಒಬ್ಬ ಅಜ್ಜ ಬಂದ. ಊರ ನೀರುಗಂಟಿ. ತೂಬು ಎತ್ತಿ ಇಳಿಸಿ, ಗದ್ದೆ ಗದ್ದೆಗೆ ನೀರು ಹಂಚಿ, ಏರಿ ಕಾಯುವುದು ಅವನ ಮನೆತನದ ಕೆಲಸ. ಊರ ಹೊರಗಿನ ಕೇರಿಯವನು. ಜೀಪಿನಿಂದ ದೂರವೇ ನಿಂತು, "ಸಾಮೇರ, ಇಲ್ಲಿ ನೀರು ಬರ್ತೈತೆ. ಈಗ ಕಾಣಂಗಿಲ್ಲ ಅಷ್ಟೆ. ಮಳೆಗಾಲದಾಗೆ ಒಂದು ದಿನ ಬಂದು ನೋಡ್ರಿ" ಎಂದ. ನಾನು ನಕ್ಷೆ ಮಡಚುತ್ತಾ, "ಆಯ್ತು, ನೋಡೋಣ ಹೋಗಪ್ಪ" ಎಂದೆ. ನನ್ನಪ್ಪನಿಗಿಂತ ಹಿರಿಯನನ್ನು ಏಕವಚನದಲ್ಲಿ ಮಾತಾಡಿಸಿದೆ. ನೆರಳಿಗೆ ಬಾ ಎನ್ನಲಿಲ್ಲ. ಅವನು ಇನ್ನೂ ಏನೋ ಹೇಳಬೇಕೆಂದು ನಿಂತಿದ್ದ, ಜೀಪು ಹೊರಟಿತು.

ಇನ್ನೊಂದು ಮಾತೂ ಹೇಳಿಬಿಡುತ್ತೇನೆ, ಮುಚ್ಚಿಟ್ಟರೆ ಈ ಒಪ್ಪಿಗೆ ಅರ್ಧವಾಗುತ್ತದೆ. ಅದೇ ಬೇಸಿಗೆಯಲ್ಲಿ ನಮ್ಮೂರಿನ ಬಸವ ಜಯಂತಿಯಲ್ಲಿ ನಾನು ಮಾತಾಡಿದ್ದೆ. ವಿಷಯ ಕಾಯಕ. ಎಲ್ಲ ಕಾಯಕವೂ ಸಮಾನ, ಮೇಲು ಕೀಳು ಇಲ್ಲ ಎಂದು ಅರ್ಧ ಗಂಟೆ ಹೇಳಿದ್ದೆ. ಚಪ್ಪಾಳೆಯೂ ಬಂದಿತ್ತು. ಕೊರಳಲ್ಲಿ ಇಷ್ಟಲಿಂಗವಿತ್ತು. ಎದುರಿಗೆ ನಿಂತ ನೀರುಗಂಟಿಯ ಕಾಯಕ ಮಾತ್ರ ನನಗೆ ಕಾಣಲಿಲ್ಲ.

ರಸ್ತೆಯಾಯಿತು. ಅಳತೆ ಪುಸ್ತಕದಲ್ಲಿ ಎಲ್ಲ ಸರಿಯಾಗಿತ್ತು. ನನಗೆ ವರ್ಗವಾಯಿತು, ಬಡ್ತಿಯಾಯಿತು, ಆ ಹಳ್ಳಿಯನ್ನು ಮರೆತೆ. ಮೂರು ದಶಕ ಕಳೆದ ಮೇಲೆ ದುರ್ಗದ ಮಂಟಪದಲ್ಲಿ ಮಳೆಗೆ ನಿಂತು, ಒಣಬಂಡೆಯೆಲ್ಲ ಹರಿಯುವುದನ್ನು ನೋಡಿದಾಗ ಆ ಅಜ್ಜನ ಮಾತು ಕಿವಿಯಲ್ಲಿ ಕೇಳಿತು. "ಈಗ ಕಾಣಂಗಿಲ್ಲ ಅಷ್ಟೆ." ಅರ್ಧ ಗಂಟೆಯ ಹಿಂದೆ ನಾನು ಚಪ್ಪಲಿ ಹಾಕಿಕೊಂಡು ಹತ್ತಿ ಬಂದ ಬಂಡೆ ಅದು. ಅಲ್ಲಿ ನೀರಿನ ದಾರಿ ಇದೆ ಎಂದು ನನಗೂ ಗೊತ್ತಿರಲಿಲ್ಲ. ಕೋಟೆ ಕಟ್ಟಿದವರಿಗೆ ಗೊತ್ತಿತ್ತು. ಯಾಕೆಂದರೆ ಅವರು ಮಳೆಯಲ್ಲಿ ನಿಂತು ನೋಡಿದ್ದರು, ಇಲ್ಲವೆ ನೋಡಿದವರನ್ನು ಕೇಳಿದ್ದರು.

ಮುಂದಿನ ವಾರವೇ ಆ ಹಳ್ಳಿಗೆ ಹೋದೆ. ಅಜ್ಜ ತೀರಿಹೋಗಿ ಬಹಳ ವರ್ಷವಾಗಿತ್ತು. ಕೆರೆಯೊಳಗೆ ಬಳ್ಳಾರಿ ಜಾಲಿ ಬೆಳೆದು ಕಾಡಾಗಿತ್ತು. ರಸ್ತೆಯ ಮೇಲ್ಮಗ್ಗುಲಿಗೆ ನೀರು ನಿಂತು ಯಾರದೋ ಹೊಲ ಜೌಗಾಗಿತ್ತು. ಕೆಳಮಗ್ಗುಲಲ್ಲಿ ಕೆರೆ ಒಣಗಿತ್ತು. ನೀರು ಬಂದಿತ್ತು, ನಾನು ಹಾಕಿಸಿದ ಮಣ್ಣು ಅದನ್ನು ತಡೆದಿತ್ತು. ಬರ ಬಂತು, ಮಳೆ ಕೈಕೊಟ್ಟಿತು, ಕೆರೆ ಹೋಯಿತು ಎಂದು ಊರವರು ಅಂದುಕೊಂಡಿದ್ದರು. ಊರಿಗೆ ಈಗ ಕೊಳವೆಬಾವಿಯ ನೀರು. ಅಜ್ಜನ ಮೊಮ್ಮಗ ಪಂಚಾಯಿತಿಯ ವಾಟರ್‌ಮ್ಯಾನ್. ತಾತ ಕೆರೆಯ ತೂಬು ಎತ್ತುತ್ತಿದ್ದ, ಮೊಮ್ಮಗ ವಾಲ್ವು ತಿರುಗಿಸುತ್ತಾನೆ.

ಅವರ ಮನೆಯ ಜಗಲಿಯ ಮೇಲೆ ಕೂತು ನಡೆದದ್ದನ್ನು ಹೇಳಿದೆ. ಆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತ ಸಾಯೋ ತನಕ ಹೇಳ್ತಿದ್ರು ಸಾರ್, ರಸ್ತೆ ಕೆರೆ ನುಂಗ್ತು ಅಂತ. ಯಾರೂ ನಂಬ್ಲಿಲ್ಲ" ಎಂದ. ಅವನ ತಾಯಿ ಚಹಾ ಕೊಟ್ಟರು. ಕುಡಿದೆ. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ ಎಂದರೆ ನೀವು ನಂಬಬೇಕು.

ಶರಣಬಂಧುಗಳೇ, ಸೊನ್ನಲಿಗೆಯ ಸಿದ್ಧರಾಮರು ಕೆರೆ ತೋಡಿಸಿದ ಶರಣರು. ಕಲ್ಲು ಮಣ್ಣಿನ ಕೆಲಸ ಮಾಡುವ ಭೋವಿ ಸಮುದಾಯದವರು ಇಂದಿಗೂ ಅವರನ್ನು ತಮ್ಮ ಗುರುವೆಂದು ನಂಬುತ್ತಾರೆ. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು ಅವರನ್ನು ಒಡ್ಡರಾಮ ಎಂದು ಕರೆದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಚಿಕ್ಕಂದಿನಲ್ಲಿ ಅದನ್ನು ಕೇಳಿದಾಗ, ಕೆರೆ ಕಟ್ಟುವಂಥ ಒಳ್ಳೆಯ ಕೆಲಸವನ್ನು ಪ್ರಭುಗಳು ಯಾಕೆ ಹಂಗಿಸಿದರು ಎಂದು ನನಗೆ ಬೇಸರವಾಗುತ್ತಿತ್ತು. ಈಗ ನನ್ನ ಅನುಭವದಿಂದ ಹೀಗೆ ತಿಳಿದುಕೊಂಡಿದ್ದೇನೆ. ಪ್ರಭುಗಳು ಹಂಗಿಸಿದ್ದು ಕೆರೆಯನ್ನಲ್ಲ, ನಾನು ಕಟ್ಟಿಸಿದೆ ಎಂಬ ಭಾವವನ್ನು. ಆ ಭಾವ ಹೋದ ಮೇಲೆ ಅದೇ ಕೆರೆ ದಾಸೋಹವಾಗುತ್ತದೆ. ನನ್ನ ಎಸ್ಟಿಮೇಟಿನಲ್ಲಿ ಲೆಕ್ಕ ತಪ್ಪಿರಲಿಲ್ಲ, ಓದಿದವನು ನಾನು ಎಂಬ ಭಾವ ತಪ್ಪಿತ್ತು.

ಈಗ ಆ ಕೆರೆಯ ಗತಿ ಏನಾಯಿತು ಎಂದು ನೀವು ಕೇಳುತ್ತೀರಿ. ಆ ಹುಡುಗನೂ ನಾನೂ ಒಂದು ಮಳೆಗಾಲ ಪೂರ್ತಿ ಇಳಿಜಾರಿನಲ್ಲಿ ಓಡಾಡಿದೆವು. ಮಳೆ ಬರುವಾಗಲೇ ಹೋಗಿ ನಿಂತು ನೀರಿನ ದಾರಿಗೆ ಕಲ್ಲು ನೆಟ್ಟು ಗುರುತು ಮಾಡಿದೆವು. ಪಂಚಾಯಿತಿಯವರು ಉದ್ಯೋಗ ಖಾತ್ರಿಯಲ್ಲಿ ಕಾಲುವೆ ಬಿಡಿಸಿಕೊಟ್ಟರು. ರಸ್ತೆಯಡಿ ಒಂದು ಕಡೆ ಕೊಳವೆ ಮೋರಿ ಹಾಕಿದ್ದಾಗಿದೆ. ಕಳೆದ ವರ್ಷ ಕೆರೆಗೆ ಕಾಲು ಭಾಗ ನೀರು ಬಂತು, ಏರಿಯ ಕೆಳಗಿನ ಎರಡು ಬಾವಿಗಳಲ್ಲಿ ನೀರು ಮೇಲೆದ್ದಿತು. ಇನ್ನೊಂದು ಮೋರಿಯ ಕಾಗದ ಇನ್ನೂ ಕಚೇರಿಯಲ್ಲಿದೆ. ಒಂದು ಕಾಲಕ್ಕೆ ಅಂಥದೇ ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದವನು ಈಗ ಅರ್ಜಿ ಹಿಡಿದು ಬಾಗಿಲ ಹೊರಗೆ ನಿಲ್ಲುತ್ತೇನೆ. ಒಳಗಿರುವ ಹುಡುಗರು ಒಮ್ಮೊಮ್ಮೆ, "ಆಯ್ತು, ನೋಡೋಣ" ಎನ್ನುತ್ತಾರೆ. ಅದು ನನ್ನದೇ ಮಾತು. ಕೋಪ ಮಾಡಿಕೊಳ್ಳುವ ಹಕ್ಕು ನನಗಿಲ್ಲ, ಆದರೆ ತಿಂಗಳಿಗೊಮ್ಮೆ ಹೋಗುವುದನ್ನೂ ನಾನು ಬಿಟ್ಟಿಲ್ಲ.

ದುರ್ಗ ಸೀಮೆಯಲ್ಲಿ ದೊಡ್ಡ ಕೆಲಸಗಳೂ ಆಗಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣವಾಯಿತು. ಕಟ್ಟಿದವರ ಕೆಲಸ ಇಂದಿಗೂ ಗಟ್ಟಿಯಾಗಿದೆ. ಆದರೆ ಅದು 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ಅಣೆಕಟ್ಟು ಎಷ್ಟೇ ದೊಡ್ಡದಾಗಿರಲಿ, ಅದರ ಹೊಟ್ಟೆ ತುಂಬಬೇಕಾದದ್ದು ಮೇಲಿನ ಸಾವಿರಾರು ಸಣ್ಣ ದಾರಿಗಳಿಂದ. ಆ ದಾರಿಗಳ ಮೇಲೆ ನಾವು ಏನು ಕಟ್ಟುತ್ತೇವೆ, ಏನು ತುಂಬುತ್ತೇವೆ ಎಂಬುದೇ ಪ್ರಶ್ನೆ. ಇಂದಿನ ದುರ್ಗದ ಊರಿಗೆ ದೂರದಿಂದ ಪೈಪಿನಲ್ಲಿ ನೀರು ಬರುತ್ತದೆ. ತಲೆಯ ಮೇಲಿನ ಬೆಟ್ಟದಿಂದ ನೀರು ಕುಡಿದ ಊರು ಅದು.

ಈ ಕೋಟೆ ಯಾರದು ಎಂದು ಈಚೆಗೆ ಅಲ್ಲಲ್ಲಿ ವಾದ ಕೇಳುತ್ತೇವೆ. ನಮ್ಮ ನಾಯಕರದು, ನಮ್ಮ ಓಬವ್ವನದು, ನಮ್ಮ ಮಠದ್ದು ಎಂದು ಎಲ್ಲರೂ ಒಂದೊಂದು ಕಲ್ಲು ಹಿಡಿದು ಎಳೆಯುತ್ತಾರೆ. ನಾಯಕರು ಆಳಿದ್ದು ನಿಜ, ಓಬವ್ವ ಕಾದದ್ದು ನಿಜ, ಮಠ ಇದ್ದದ್ದು ನಿಜ. ಕಲ್ಲು ಸೀಳಿದವರು, ಹೂಳು ಹೊತ್ತವರು, ಹೊಂಡ ಕಾಯ್ದವರು ಇದ್ದದ್ದೂ ಅಷ್ಟೇ ನಿಜ. ಅವರೆಲ್ಲ ಕುಡಿದದ್ದು ಒಂದೇ ಬೆಟ್ಟದಿಂದ ಇಳಿದ ನೀರು. ಮೇಲಿನ ಹೊಂಡ ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಕೆಳಗಿನದಕ್ಕೆ ಬಿಟ್ಟಿತು. ನಾವು ದಾಸೋಹ ಎಂದು ಕರೆಯುವುದನ್ನು ಕಲ್ಲಿನಲ್ಲಿ ಕಟ್ಟಿ ತೋರಿಸಿದ್ದಾರೆ.

ಭಾನುವಾರ ಹೋಗುವ ಮಕ್ಕಳಿಗೆ ಮೂರು ಮಾತು. ಮೊದಲನೆಯದು, ನೀರಿನ ಬಾಟಲಿ ತೆಗೆದುಕೊಂಡು ಹೋಗಿ, ಖಾಲಿ ಬಾಟಲಿಯನ್ನು ವಾಪಸು ತನ್ನಿ. ಹೊಂಡಗಳಲ್ಲಿ ತೇಲುವ ಪ್ಲಾಸ್ಟಿಕ್ ನೋಡಿ ನನಗೆ ಸಂಕಟವಾಗಿದೆ. ಬಂಡೆಯ ಮೇಲೆ ಹೆಸರು ಗೀಚಬೇಡಿ. ಎರಡನೆಯದು, ಅಕ್ಕತಂಗಿಯರ ಹೊಂಡದ ಬಳಿ ಸ್ವಲ್ಪ ಹೊತ್ತು ಮಾತಿಲ್ಲದೆ ಕುಳಿತುಕೊಳ್ಳಿ. ಕೋಟೆ ಬಿದ್ದ ದಿನ ಕೊನೆಯ ನಾಯಕನ ಇಬ್ಬರು ಮಡದಿಯರು ಅಲ್ಲಿ ಜೀವ ಬಿಟ್ಟರು ಎಂದು ಊರವರು ಹೇಳುತ್ತಾರೆ. ನಗುತ್ತಾ ಸೆಲ್ಫಿ ತೆಗೆಯುವ ಜಾಗ ಅದಲ್ಲ. ಆಮೇಲೆ ಎದ್ದು, ಈ ಹೊಂಡಕ್ಕೆ ನೀರು ಎಲ್ಲಿಂದ ಬರುತ್ತದೆ, ತುಂಬಿದರೆ ಎಲ್ಲಿಗೆ ಹೋಗುತ್ತದೆ ಎಂದು ನೀವೇ ನಡೆದು ಹುಡುಕಿ. ಗೈಡನ್ನೂ ಕೇಳಿ.

ಮೂರನೆಯದು, ಊರಿಗೆ ಬಂದ ಮೇಲಿನ ಕೆಲಸ. ನಿಮ್ಮ ನಿಮ್ಮ ಊರ ಕೆರೆಗೆ ನೀರು ಬರುತ್ತಿದ್ದ ದಾರಿ ಯಾವುದು ಎಂದು ಊರಿನ ಹಿರಿಯರೊಬ್ಬರನ್ನು ಕೇಳಿ. ಗೌಡರ ಜಗಲಿಯಲ್ಲಿ ಮಾತ್ರ ಕೇಳಬೇಡಿ, ಊರ ಹೊರಗಿನ ಕೇರಿಗೂ ಹೋಗಿ ಕೇಳಿ. ಅವರ ಮನೆಯೊಳಗೆ ಕೂತು, ಅವರು ಕೊಟ್ಟದ್ದನ್ನು ಕುಡಿದು, ಬಹುವಚನದಲ್ಲಿ ಮಾತಾಡಿಸಿ ಕೇಳಿ. ಅವರು ಹೇಳಿದ ದಾರಿಯಲ್ಲಿ ಮಳೆ ಬರುವಾಗ ಒಂದು ಸಲ ನಡೆದು ನೋಡಿ. ಅಡ್ಡ ಬಿದ್ದಿರುವ ಒಂದು ಬುಟ್ಟಿ ಮಣ್ಣು ತೆಗೆದರೂ ಅದು ನಿಮ್ಮ ಕಾಯಕವಾಯಿತು. ನಕ್ಷೆ ಬೇಕಾದರೆ, ಅರ್ಜಿ ಬರೆಯಬೇಕಾದರೆ ನನ್ನನ್ನು ಕರೆಯಿರಿ. ಮಂಡಿ ನೋವಿದೆ, ಆದರೂ ಬರುತ್ತೇನೆ.

ಆ ಅಜ್ಜನ ಹೆಸರನ್ನು ನಾನು ಅಂದು ಕೇಳಿರಲಿಲ್ಲ. ಮೂವತ್ತು ವರ್ಷದ ಮೇಲೆ ಅವರ ಮೊಮ್ಮಗನ ಬಾಯಿಂದ ತಿಳಿದುಕೊಂಡೆ. ಮನೆಯವರ ಅಪ್ಪಣೆಯಿಲ್ಲದೆ ಅದನ್ನು ಇಲ್ಲಿ ಹೇಳುವುದಿಲ್ಲ. ಆದರೆ ಎರಡನೆಯ ಮೋರಿ ಆದ ದಿನ ಅದರ ಮೇಲಿನ ಕಲ್ಲಿನಲ್ಲಿ ಆ ಹೆಸರು ಬರೆಸಬೇಕೆಂದು ಆ ಮನೆಯವರ ಜತೆ ಮಾತಾಗಿದೆ. ಎಂಜಿನಿಯರನ ಹೆಸರು ಅಲ್ಲಿ ಇರುವುದಿಲ್ಲ.